ಹೋದ ವಾರದ ಅಂಕಿ ಈ ವಾರ ಬರದಿದ್ದರೆ: ಗಣಕ ಪ್ರಯೋಗಗಳ ದೋಷ ನಿವಾರಣೆ ಕೈಪಿಡಿ

"ಸರ್ರ, ಹೋದ ವಾರ 0.87 ಬಂದಿತ್ತು ನೋಡ್ರಿ. ಇವತ್ತ ಅದೇ ಕೋಡು, ಅದೇ ಲ್ಯಾಪ್‌ಟಾಪು, 0.81 ಬರಾಕತ್ತೈತ್ರಿ. ನಾ ಏನೂ ಮುಟ್ಟಿಲ್ರಿ."

ರಾಯಚೂರಿನಲ್ಲಿ ಕೂತು ಸಂಶೋಧನಾ ವಿದ್ಯಾರ್ಥಿಗಳ ಪ್ರೋಗ್ರಾಮುಗಳಿಗೆ ನಾಡಿ ಹಿಡಿಯುವ ನನಗೆ ಇಂಥ ಫೋನು ಆಗಾಗ ಬರುತ್ತದೆ. ಈ ಹುಡುಗಿಯದು ತುಂಗಭದ್ರಾ ಜಲಾಶಯದ ನೀರಿನ ಮಟ್ಟ ಅಂದಾಜು ಮಾಡುವ ಮಾದರಿ (ಮಾಡೆಲ್). 0.87, 0.81 ಅಂದರೆ ಆ ಅಂದಾಜು ಎಷ್ಟು ಸರಿ ಎಂಬುದರ ಅಂಕ. ಇನ್ನೊಬ್ಬರದು ಹತ್ತಿ ಎಲೆಯ ಫೋಟೋ ನೋಡಿ ರೋಗ ಹೇಳುವುದು, ಮತ್ತೊಬ್ಬರದು ಭತ್ತದ ಇಳುವರಿ. ವಿಷಯ ಬೇರೆಬೇರೆ, ಗೋಳು ಒಂದೇ. "ಏನೂ ಮುಟ್ಟಿಲ್ಲ" ಅನ್ನುವುದೂ ಬಹಳ ಸಲ ನಿಜವೇ. ಅವರು ಕೋಡು ಮುಟ್ಟಿರುವುದಿಲ್ಲ, ಕೋಡಿನ ಸುತ್ತಲಿನದು ಬದಲಾಗಿರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಕೋಡು ತಿದ್ದುವ ಮಾತು ತಡವಾಗಿ ಬರುತ್ತದೆ, ಅದೂ ಕಡಿಮೆ.

ಇಲ್ಲಿ ಬರುವ ಹೆಸರುಗಳ ಪರಿಚಯ ಎರಡು ಮಾತಿನಲ್ಲಿ. ಗಿಟ್ ಕೋಡಿನ ಇತಿಹಾಸ ಇಡುತ್ತದೆ. ಡಿವಿಸಿ ದೊಡ್ಡ ಡೇಟಾ ಫೈಲುಗಳಿಗೆ ಅದೇ ಕೆಲಸ ಮಾಡುತ್ತದೆ, ಯಾವ ಹಂತ ಮತ್ತೆ ಓಡಬೇಕೆಂದೂ ಹೇಳುತ್ತದೆ. ಸ್ನೇಕ್‌ಮೇಕ್ ಹಂತಗಳನ್ನು ಸಾಲಾಗಿ ಓಡಿಸುವ ಮೇಸ್ತ್ರಿ. ಎಂಎಲ್‌ಫ್ಲೋ, ಸೇಕ್ರೆಡ್, ಸುಮಾತ್ರ ಇವು ಪ್ರತಿ ಓಟದ ದಾಖಲೆ ಬರೆಯುವ ಶಾನುಭೋಗರು. ಡಾಕರ್ ಸಾಫ್ಟ್‌ವೇರ್ ಪರಿಸರವನ್ನೇ ಗಂಟು ಕಟ್ಟಿ ಒಯ್ಯುವ ಸಾಧನ.

ಕೈ ಹಚ್ಚುವ ಮೊದಲು

ಮೊದಲು ನಕಲು. ಇಡೀ ಫೋಲ್ಡರನ್ನು, ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳ ಸಮೇತ, ಹೊರಗಿನ ಡಿಸ್ಕಿಗೆ ಹಾಕಿ, ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಗಾಬರಿಯಲ್ಲಿ ಜನ ಎರಡು ಕೆಲಸ ಮಾಡುತ್ತಾರೆ: ಲೈಬ್ರರಿಗಳನ್ನೆಲ್ಲ (ನಮ್ಮ ಕೋಡು ಬಳಸುವ, ಬೇರೆಯವರು ಬರೆದ ಕೋಡು) ಹೊಸ ಆವೃತ್ತಿಗೆ ಏರಿಸುತ್ತಾರೆ, ಹಳೆ ಔಟ್‌ಪುಟ್ ಅಳಿಸುತ್ತಾರೆ. ಎರಡರಿಂದಲೂ ಸಾಕ್ಷಿ ಹೋಗುತ್ತದೆ.

ಆಮೇಲೆ ಏನೂ ಬದಲಿಸದೆ ಮೂರು ಸಲ ಓಡಿಸಿ. ಮೂರೂ ಅಂಕಿಗಳನ್ನು ಪೂರ್ತಿ ದಶಮಾಂಶಗಳೊಂದಿಗೆ ಕಾಗದದ ಮೇಲೆ ಬರೆಯಿರಿ. ಕಾಸು ಖರ್ಚಿಲ್ಲದ ಈ ಪರೀಕ್ಷೆ ಅರ್ಧ ದಾರಿ ತೋರಿಸುತ್ತದೆ.

ಮೂರು ಸಲವೂ ಅದೇ ತಪ್ಪು ಅಂಕಿ, ಕೊನೆಯ ದಶಮಾಂಶದವರೆಗೂ ಅದೇ ಬಂದರೆ, ಪ್ರೋಗ್ರಾಮು ಸ್ಥಿರವಾಗಿದೆ; ಅದಕ್ಕೆ ಉಣಿಸಿದ ಡೇಟಾ ಅಥವಾ ಅದರ ಕೆಳಗಿನ ಲೈಬ್ರರಿ ಬದಲಾಗಿದೆ. ಮೂರು ಸಲ ಮೂರು ಬಗೆ, ಎರಡನೇ ದಶಮಾಂಶದಲ್ಲೇ ಅಲುಗಾಡಿದರೆ, ಯಾದೃಚ್ಛಿಕ ಸಂಖ್ಯೆಗಳ ಸೀಡ್ (ಅವುಗಳ ಸಾಲನ್ನು ಶುರು ಮಾಡುವ ಬೀಜಸಂಖ್ಯೆ) ಎಲ್ಲೋ ಸಡಿಲಾಗಿದೆ. ಏಳೆಂಟನೇ ದಶಮಾಂಶದ ಆಚೆ ಮಾತ್ರ ವ್ಯತ್ಯಾಸವಿದ್ದರೆ ಅದು ಕಂಪ್ಯೂಟರಿನ ಕೂಡುವಿಕೆಯ ಸ್ವಭಾವ, ಅದನ್ನು ರೋಗ ಅನ್ನಲಾಗದು. ಆ ಹುಡುಗಿಗೆ ಮೂರು ಸಲವೂ ಕಡ್ಡಿ ಮುರಿದಂತೆ ಒಂದೇ 0.81. ಅಲ್ಲಿಗೆ ಸೀಡಿನ ಮೇಲಿನ ಅನುಮಾನ ಬಿಟ್ಟೆ.

"ಪ್ಯಾಕೇಜ್ ಇಳೀತಿಲ್ಲ, ಸರ್ಟಿಫಿಕೇಟ್ ತಪ್ಪು ಅಂತದೆ" ಅಥವಾ "ಎಲ್ಲಾ ಹಂತಗಳೂ ಮೊದಲಿಂದ ಓಡ್ತಾವೆ"

ಪರದೆಯ ಮೂಲೆಯಲ್ಲಿ ಗಡಿಯಾರ ನೋಡಿ. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆಯೇ?

ಕರೆಂಟ್ ಹೋದಾಗಲೂ ಗಡಿಯಾರ ನಡೆಸಲು ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಮೇಲೆ ಒಂದು ಗುಂಡಿ ಬ್ಯಾಟರಿ ಇರುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ಅದು ಸಿಆರ್2032, 3 ವೋಲ್ಟಿನದು. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋದಾಗ ದಿನಾಂಕ ಹಿಂದಕ್ಕೆ ಜಿಗಿಯುತ್ತದೆ. ಜಾಲತಾಣದ ಭದ್ರತಾ ಸರ್ಟಿಫಿಕೇಟಿಗೆ "ಇಂಥ ದಿನದಿಂದ ಇಂಥ ದಿನದವರೆಗೆ" ಎಂಬ ಅವಧಿ ಇರುವುದರಿಂದ ಪೈಥಾನ್ ಪ್ಯಾಕೇಜು ಇಳಿಸುವ ಪಿಪ್ ಡೌನ್‌ಲೋಡ್ ನಿರಾಕರಿಸುತ್ತದೆ. ಮೇಕ್ (ಅದೂ ಹಂತಗಳನ್ನು ಓಡಿಸುವ ಸಾಧನವೇ), ಸ್ನೇಕ್‌ಮೇಕ್‌ಗಳು ಫೈಲು ತಿದ್ದಿದ ಸಮಯ ನೋಡಿ ಯಾವುದು ಹೊಸದು, ಯಾವುದು ಹಳೆಯದು ಎಂದು ತೀರ್ಮಾನಿಸುತ್ತವೆ. ಗಡಿಯಾರ ತಪ್ಪಿದರೆ ಅವು ಬೇಡದ್ದನ್ನೆಲ್ಲ ಓಡಿಸುತ್ತವೆ, ಇಲ್ಲವೇ ಓಡಿಸಬೇಕಾದ್ದನ್ನು ಬಿಡುತ್ತವೆ. ಎರಡನೆಯದು ಅಪಾಯ, ಏಕೆಂದರೆ ದೂರು ಹೇಳದೆ ಹಳೆ ಅಂಕಿ ಕೊಡುತ್ತದೆ.

ದಿನಾಂಕ ಸರಿಪಡಿಸಿ, ತಪ್ಪು ದಿನಾಂಕದಲ್ಲಿ ಹುಟ್ಟಿದ ಔಟ್‌ಪುಟ್‌ಗಳನ್ನು ಮತ್ತೆ ತಯಾರಿಸಿ, ಬ್ಯಾಟರಿ ಬದಲಿಸಿ. ಎಚ್ಚರಿಕೆ: ಡಬ್ಬಿ ತೆಗೆಯುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ವೈರ್ ಕೀಳಬೇಕು. ತೆಗೆದ ಗುಂಡಿ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಜೀವಕ್ಕೇ ಅಪಾಯ. ಲ್ಯಾಪ್‌ಟಾಪ್ ಆದರೆ ನೀವೇ ಬಿಚ್ಚಬೇಡಿ, ರಿಪೇರಿಯವರಿಗೆ ಕೊಡಿ.

"ಕರೆಂಟ್ ಹೋಗಿ ಬಂತು, ಆಮೇಲೆ ಮುಂದಕ್ಕೇ ಹೋಗ್ತಿಲ್ಲ"

ನಮ್ಮ ಕಡೆ ಇದು ದಿನದ ಮಾತು. ಪ್ರೋಗ್ರಾಮು ನಡುವೆ ಸತ್ತಾಗ ಎರಡು ಅವಶೇಷ ಉಳಿಯುತ್ತವೆ: ಬೀಗ ಮತ್ತು ಅರ್ಧ ಬರೆದ ಫೈಲು.

ಒಂದೇ ಫೋಲ್ಡರಿನಲ್ಲಿ ಇಬ್ಬರು ಒಟ್ಟಿಗೆ ಕೈ ಹಾಕದಂತೆ ಈ ಸಾಧನಗಳು ಒಂದು ಚಿಕ್ಕ ಫೈಲನ್ನು ಬೀಗದಂತೆ ಇಡುತ್ತವೆ. ಕರೆಂಟ್ ಹೋದರೆ ಬೀಗ ತೆಗೆಯುವವರಿಲ್ಲ. ಸ್ನೇಕ್‌ಮೇಕ್ "ಡೈರೆಕ್ಟರಿಗೆ ಬೀಗ ಹಾಕಲಾಗುತ್ತಿಲ್ಲ" ಅನ್ನುತ್ತದೆ. ಗಿಟ್ "ಇನ್ನೊಂದು ಗಿಟ್ ಓಡುತ್ತಿರುವಂತಿದೆ" ಎಂದು ಇಂಡೆಕ್ಸ್ ಲಾಕ್ ಫೈಲಿನ ಹೆಸರು ಹೇಳುತ್ತದೆ. ಡಿವಿಸಿಯೂ ಹೀಗೇ ಮುನಿಸಿಕೊಳ್ಳುತ್ತದೆ. ಬೀಗ ಒಡೆಯುವ ಮೊದಲು ಒಳಗೆ ನಿಜವಾಗಿ ಯಾರೂ ಇಲ್ಲ ಎಂದು ನೋಡಿ: ಟಾಸ್ಕ್ ಮ್ಯಾನೇಜರಿನಲ್ಲಿ ಪೈಥಾನ್ ಅಥವಾ ಗಿಟ್ ಓಡುತ್ತಿದೆಯೇ? ಸರ್ವರ್ ಹಂಚಿಕೊಂಡಿದ್ದರೆ ಜೊತೆಗಾರರನ್ನೂ ಕೇಳಿ. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಸ್ನೇಕ್‌ಮೇಕ್‌ಗೆ ಅನ್‌ಲಾಕ್ ಆಯ್ಕೆ ಕೊಡಿ, ಗಿಟ್ ಆದರೆ ಆ ಲಾಕ್ ಫೈಲೊಂದನ್ನೇ ಅಳಿಸಿ.

ಬೀಗ ಕಣ್ಣಿಗೆ ಕಾಣುವ ತೊಂದರೆ. ಅರ್ಧ ಬರೆದ ಫೈಲು ಹಾಗಲ್ಲ. 40,000 ಸಾಲು ಇರಬೇಕಾದ ಸಿಎಸ್‌ವಿಯಲ್ಲಿ 31,000 ಸಾಲು ಬರೆಯುವಷ್ಟರಲ್ಲಿ ದೀಪ ಆರಿತು. ಮುಂದಿನ ಹಂತ ಫೈಲು ಇದೆಯಲ್ಲ ಎಂದು ಅದನ್ನೇ ಉಣ್ಣುತ್ತದೆ. ಎಲ್ಲೂ ಕೆಂಪು ಅಕ್ಷರ ಬರುವುದಿಲ್ಲ. ಸಾಲುಗಳನ್ನು ಎಣಿಸಿ, ಕೊನೆಯ ಸಾಲು ಪೂರ್ತಿ ಇದೆಯೇ ನೋಡಿ. ಸ್ನೇಕ್‌ಮೇಕ್‌ನಲ್ಲಿ ಅಪೂರ್ಣ ಹಂತಗಳನ್ನು ಮತ್ತೆ ಓಡಿಸುವ "ರೀರನ್ ಇನ್‌ಕಂಪ್ಲೀಟ್" ಆಯ್ಕೆ ಇದಕ್ಕೆಂದೇ ಇದೆ. ನಿಮ್ಮದೇ ಸ್ಕ್ರಿಪ್ಟ್ ಆದರೆ ಔಟ್‌ಪುಟ್ಟನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ನಿಜ ಹೆಸರು ಕೊಡಿ. ಎಂಎಲ್‌ಫ್ಲೋದಲ್ಲಿ ಹೀಗೆ ಸತ್ತ ಓಟ "ಓಡುತ್ತಿದೆ" ಎಂದೇ ತೋರಿಸುತ್ತಿರುತ್ತದೆ. ಎರಡು ದಿನದಿಂದ ಓಡುತ್ತಿದೆ ಎಂದು ಕಾಯುತ್ತಾ ಕೂತವರನ್ನು ಕಂಡಿದ್ದೇನೆ.

"ಟೂಲು ಎಲ್ಲಾ ಸರಿ ಇದೆ ಅಂತದೆ, ಆದ್ರೆ ಹಳೇ ಫಲಿತಾಂಶಾನೇ ಕೊಡ್ತದೆ"

ಡಿವಿಸಿಗೆ "ಬದಲಾವಣೆ ಇಲ್ಲ, ಬಿಟ್ಟು ಮುಂದೆ ಹೋಗುತ್ತೇನೆ" ಅನ್ನುವ ಚಟ ಇದೆ. ಅದು ಪ್ರತಿ ಫೈಲಿನ ಹ್ಯಾಶ್ ತೆಗೆದು ತನ್ನ ಲಾಕ್ ಫೈಲಿನಲ್ಲಿ (ಇದು ದಾಖಲೆ, ಮೇಲೆ ಹೇಳಿದ ಬೀಗವಲ್ಲ) ಬರೆದಿಟ್ಟು, ಮುಂದಿನ ಸಲ ತಾಳೆ ನೋಡುತ್ತದೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು. ಒಂದು ಅಕ್ಷರ ಬದಲಾದರೂ ಗುರುತು ಬದಲು. ಆದರೆ ನೀವು ಹೆಸರಿಸಿದ ಫೈಲುಗಳ ಹೆಬ್ಬೆಟ್ಟನ್ನು ಮಾತ್ರ ಅದು ನೋಡುತ್ತದೆ. ನಿಮ್ಮ ಸ್ಕ್ರಿಪ್ಟು ಪಕ್ಕದ ಇನ್ನೊಂದು ಫೈಲಿನಿಂದ ಫಂಕ್ಷನ್ ಕರೆಯುತ್ತಿದ್ದು, ಆ ಫೈಲು ಅವಲಂಬನೆಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, ನೀವು ಅದರಲ್ಲಿ ಏನು ತಿದ್ದಿದರೂ ಡಿವಿಸಿಗೆ ಗೊತ್ತಾಗುವುದಿಲ್ಲ. ಒಮ್ಮೆ ಒತ್ತಾಯದಿಂದ ಪೂರ್ತಿ ಓಡಿಸಿ. ಅಂಕಿ ಬದಲಾದರೆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ಸ್ನೇಕ್‌ಮೇಕ್‌ನದು ತಿರುವು ಮುರುವು. 7.8ನೇ ಆವೃತ್ತಿಯಿಂದ ಅದು ಫೈಲಿನ ಸಮಯವಷ್ಟೇ ಅಲ್ಲದೆ ಕೋಡು, ನಿಯತಾಂಕ ಬದಲಾದರೂ ಮತ್ತೆ ಓಡಿಸುತ್ತದೆ. ಹಳೆ ಆವೃತ್ತಿಗೆ ಒಗ್ಗಿದವರು "ಸುಮ್ಮಸುಮ್ಮನೆ ಓಡ್ತದೆ" ಎಂದು ಬೈಯುತ್ತಾರೆ. ಬೈಯುವ ಮೊದಲು ಒಣ ಓಟ (ನಿಜವಾಗಿ ಓಡಿಸದೆ, ಏನು ಓಡಲಿದೆ ಎಂದಷ್ಟೇ ಹೇಳಿಸುವುದು) ಮಾಡಿಸಿ ನೋಡಿ. ಯಾವ ಹಂತ ಯಾಕೆ ಓಡಬೇಕಾಗಿದೆ ಎಂದು ಅದೇ ಬಾಯಿಬಿಡುತ್ತದೆ.

"ಎಂಎಲ್‌ಫ್ಲೋದಲ್ಲಿ ನನ್ನ ಓಟಗಳೆಲ್ಲ ಮಾಯ" ಎಂಬ ದೂರಿಗೆ ಬಹಳ ಸಲ ಉತ್ತರ ಇಷ್ಟೇ: ಬೇರೆ ಫೋಲ್ಡರಿನಲ್ಲಿ ನಿಂತು ಓಡಿಸಿದ್ದೀರಿ. ವಿಳಾಸ ಹೇಳದಿದ್ದರೆ ಅದು ನೀವು ನಿಂತಲ್ಲೇ ದಾಖಲೆ ಇಡುತ್ತದೆ. ಹಳೆ ಫೋಲ್ಡರಿಗೆ ಹೋಗಿ ಅಲ್ಲಿಂದ ತೆರೆಯಿರಿ.

ಇನ್ನೊಂದು ಗುಟ್ಟಿನ ದೋಷ: ದಾಖಲೆಯಲ್ಲಿ ಗಿಟ್ ಕಮಿಟ್ (ಕೋಡಿನ ಅಂದಿನ ಸ್ಥಿತಿಯನ್ನು ಗಿಟ್ ಉಳಿಸಿಟ್ಟದ್ದು) ಸಂಖ್ಯೆ ಇದೆ, ಆ ಕಮಿಟ್ ತೆಗೆದು ಓಡಿಸಿದರೆ ಆ ಅಂಕಿ ಬರುತ್ತಿಲ್ಲ. ಕಮಿಟ್ ಮಾಡದ ತಿದ್ದುಪಡಿಗಳೊಂದಿಗೆ ಅಂದು ಓಡಿಸಿದ್ದಿರಿ, ಅಷ್ಟೇ. ಸುಮಾತ್ರ ಈ ವಿಷಯದಲ್ಲಿ ಹಳೆ ಕಾಲದ ಹೆಡ್‌ಮಾಸ್ಟರ್: ಕಮಿಟ್ ಆಗದ ಬದಲಾವಣೆ ಇದ್ದರೆ ಓಡಿಸಲು ಒಪ್ಪುವುದಿಲ್ಲ, ಇಲ್ಲವೇ ನೀವು ಹೇಳಿಟ್ಟಿದ್ದರೆ ಆ ವ್ಯತ್ಯಾಸವನ್ನೂ ಬರೆದಿಡುತ್ತದೆ. ಸೇಕ್ರೆಡ್‌ನಲ್ಲೂ ಸ್ವಚ್ಛ ಗಿಟ್ ಬೇಕೇಬೇಕು ಎಂಬ ಆಯ್ಕೆ ಇದೆ. ಕಿರಿಕಿರಿ ಎಂದು ಅದನ್ನು ಬಿಡುವವರಿಗೆ ನಾನು ಹಾಗೆ ಬಿಡಬೇಡಿ ಅನ್ನುತ್ತೇನೆ.

ಜುಪಿಟರ್ ನೋಟ್‌ಬುಕ್ (ಕೋಡನ್ನು ಕೋಶಕೋಶವಾಗಿ ಓಡಿಸುವ ಸಾಧನ) ಬಳಸುವವರು ಕೋಶಗಳ ಎಡಬದಿಯ ಸಂಖ್ಯೆ ನೋಡಿ. 1, 2, 3 ಎಂದು ಇಳಿಯುವ ಬದಲು 14, 3, 22 ಎಂದಿದ್ದರೆ ನಿಮ್ಮ ಫಲಿತಾಂಶ ನಿಮ್ಮ ಬೆರಳು ಓಡಿದ ಕ್ರಮದ ಮೇಲೆ ನಿಂತಿದೆ. ಕರ್ನಲ್ (ಹಿಂದೆ ಕೂತು ಕೋಶಗಳನ್ನು ಓಡಿಸುವ ಪ್ರೋಗ್ರಾಮು) ಮತ್ತೆ ಶುರು ಮಾಡಿ ಮೇಲಿಂದ ಕೆಳಗೆ ಪೂರ್ತಿ ಓಡಿಸಿ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಗಿಟ್‌ಹಬ್‌ನ ಲಕ್ಷಾಂತರ ನೋಟ್‌ಬುಕ್‌ಗಳನ್ನು ಮತ್ತೆ ಓಡಿಸಿ ನೋಡಿತು: ತಪ್ಪಿಲ್ಲದೆ ಓಡಿದ್ದು ಸುಮಾರು 24 ಶೇಕಡಾ, ಹಳೆ ಫಲಿತಾಂಶವನ್ನೇ ಕೊಟ್ಟಿದ್ದು ಸುಮಾರು 4 ಶೇಕಡಾ. ನಾಚಿಕೆಪಡಬೇಡಿ, ಜೊತೆಗೆ ಬಹಳ ಜನ ಇದ್ದಾರೆ.

"ಓಡ್ತದೆ, ಅಂಕಿನೂ ಬರ್ತದೆ, ಆದ್ರೆ ಕೊಪ್ಪಳಾನೇ ಕಾಣೆ"

ನನ್ನ ಅನುಭವದಲ್ಲಿ ಹೆಚ್ಚು ದೋಷ ಸಿಗುವುದು ಡೇಟಾದಲ್ಲಿ. ಆ ಹುಡುಗಿಯ 0.81ರ ಕಥೆಯೂ ಇಲ್ಲೇ ಬಿಚ್ಚಿಕೊಂಡಿತು.

ಮೊದಲು ಇನ್‌ಪುಟ್ ಫೈಲಿನ ಹ್ಯಾಶ್ ಹಳೆಯದರೊಂದಿಗೆ ತಾಳೆ ನೋಡಿ. ಡಿವಿಸಿ ಇದ್ದರೆ ಅದರ ಸ್ಟೇಟಸ್ ಸಾಕು. ಬೇರೆಯಾಗಿದ್ದರೆ ಪ್ರತಿ ಹಂತದ ನಂತರ ಸಾಲುಗಳ ಎಣಿಕೆ ಬರೆಯಿರಿ: ಓದಿದ ಮೇಲೆ ಎಷ್ಟು, ಜೋಡಿಸಿದ ಮೇಲೆ ಎಷ್ಟು, ಖಾಲಿ ತೆಗೆದ ಮೇಲೆ ಎಷ್ಟು. ಎಲ್ಲಿ ಹಠಾತ್ತನೆ ಕುಸಿಯಿತೋ ಅಲ್ಲೇ ಕಳ್ಳ.

ಅವಳಿಗೆ ಮಳೆ ಪಟ್ಟಿ ಮತ್ತು ತಾಲ್ಲೂಕು ಪಟ್ಟಿ ಜೋಡಿಸುವಲ್ಲಿ ಕುಸಿದಿತ್ತು. ಮಾನ್ವಿ ಇದೆ, ಸಿಂಧನೂರು ಇದೆ, ಗಂಗಾವತಿ ಇದೆ. ಕೊಪ್ಪಳ ಇಲ್ಲ, ಹೊಸಪೇಟೆ ಇಲ್ಲ, ದೇವದುರ್ಗ ಇಲ್ಲ. ಎರಡೂ ಫೈಲು ತೆರೆದರೆ "ಕೊಪ್ಪಳ" ಎರಡರಲ್ಲೂ ಕಣ್ಣೆದುರೇ ಇದೆ! "ಅಕ್ಷರ ಎಣಿಸು ತಂಗಿ" ಅಂದೆ. ಪೈಥಾನ್ ಒಂದರಲ್ಲಿ 6 ಅಂತು, ಇನ್ನೊಂದರಲ್ಲಿ 7.

ವಿಷಯ ಹೀಗಿದೆ. ಯೂನಿಕೋಡಿನಲ್ಲಿ "ಕೊ" ಬರೆಯಲು ಎರಡು ದಾರಿ. ಕ ಅಕ್ಷರಕ್ಕೆ ಒತ್ವದ ಒಂದೇ ಚಿಹ್ನೆ ಹಚ್ಚುವುದು ಒಂದು. ಎತ್ವದ ಚಿಹ್ನೆ ಹಚ್ಚಿ ಅದರ ಬೆನ್ನಿಗೆ ದೀರ್ಘ ಉತ್ವದ ಚಿಹ್ನೆ ಸೇರಿಸುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಹಳೆ ಫಾಂಟಿನಲ್ಲಿ ಟೈಪು ಮಾಡಿ ಆಮೇಲೆ ಯೂನಿಕೋಡಿಗೆ ತಿರುಗಿಸಿದ ಫೈಲುಗಳಲ್ಲಿ ಎರಡನೆಯ ರೂಪ ನುಸುಳಿರುತ್ತದೆ. ಒ, ಓ ಮಾತ್ರವಲ್ಲ. ಈ, ಏ, ಐ ಸ್ವರಚಿಹ್ನೆಗಳಿಗೂ ಇದೇ ಇಬ್ಬಂದಿ. ಕಾಣೆಯಾದ ಹೆಸರುಗಳಲ್ಲೆಲ್ಲ ಈ ಸ್ವರಗಳೇ ಇವೆ ಎಂದಾದರೆ ಬೇರೆ ಸಾಕ್ಷಿ ಬೇಡ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಹೇಳಿ ಎರಡೂ ಕಡೆಯ ಹೆಸರುಗಳನ್ನು ಒಂದೇ ರೂಪಕ್ಕೆ ತನ್ನಿ. ಅವಳು ವಾರದ ನಡುವೆ ಹೊಸ ಮಳೆ ಪಟ್ಟಿ ಇಳಿಸಿಕೊಂಡು ಹಳೆಯದರ ಮೇಲೆ ಬರೆದಿದ್ದಳು, "ಡೇಟಾ ಮುಟ್ಟುವುದು" ಎಂಬ ಲೆಕ್ಕಕ್ಕೆ ಅದು ಬಂದಿರಲಿಲ್ಲ. ಹೆಸರು ಸರಿಪಡಿಸಿದ್ದೇ 0.87 ಮರಳಿತು.

ಹೆಸರಿನ ಇನ್ನೆರಡು ಬಲೆ. ಇಂಗ್ಲಿಷಿನಲ್ಲಿ ಬಳ್ಳಾರಿಯ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೆ ಪಟ್ಟಿ "ಬೆಲ್ಲಾರಿ" ಅನ್ನುತ್ತದೆ, ಹೊಸದು "ಬಳ್ಳಾರಿ" ಅನ್ನುತ್ತದೆ, ಕಂಪ್ಯೂಟರಿಗೆ ಎರಡು ಊರು. ಅದಕ್ಕಿಂತ ಮೋಸದ್ದು ಗಡಿಯ ಬದಲಾವಣೆ. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಸೇರಿ ವಿಜಯನಗರ ಜಿಲ್ಲೆಯಾದವು. ಜಿಲ್ಲಾವಾರು ಬಿತ್ತನೆ ಪ್ರದೇಶದ ಗ್ರಾಫ್ ಹಾಕಿದವರಿಗೆ ಆ ವರ್ಷ ಬಳ್ಳಾರಿಯ ಹೊಲಗಳೆಲ್ಲ ಬೀಳು ಬಿದ್ದಂತೆ ಕಾಣುತ್ತದೆ. ಇನ್ನೂ ಹಿಂದಕ್ಕೆ ಹೋದರೆ 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾದಾಗ ಇದೇ ಕುಸಿತ. ಜಿಲ್ಲೆ ಬಿಟ್ಟು ತಾಲ್ಲೂಕು ಮಟ್ಟದಲ್ಲಿ ಜೋಡಿಸಿ. ಹೊಸ ತಾಲ್ಲೂಕುಗಳೂ ಹುಟ್ಟಿವೆ, ಅವನ್ನು ಮೂಲ ತಾಲ್ಲೂಕಿಗೆ ಸೇರಿಸುವ ಪಟ್ಟಿಯನ್ನೂ ಗಿಟ್‌ನಲ್ಲಿಡಿ.

ಎಕ್ಸೆಲ್ ಬಗ್ಗೆ ನನಗೆ ಹಳೆ ಸಿಟ್ಟು. ಸರ್ವೆ ನಂಬರ್ 12/3 ಎಂದು ಹಾಕಿ ನೋಡಿ, ದಿನಾಂಕ ಮಾಡಿಬಿಡುತ್ತದೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ "ಸುಮ್ಮನೆ ನೋಡೋಕೆ" ತೆರೆದು ಉಳಿಸಿದರೆ ಸಾಕು, ಹೊಲದ ಹಿಸ್ಸಾ ಸಂಖ್ಯೆ ತಿಂಗಳ ಹೆಸರಾಗಿ ಕೂತಿರುತ್ತದೆ. ಹಳೆ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ 65,536 ಸಾಲುಗಳ ಆಚೆ ಜಾಗವೇ ಇಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೊರೊನಾ ಪ್ರಕರಣಗಳು ವರದಿಯಿಂದ ಬಿಟ್ಟುಹೋದದ್ದು ಈ ಮಿತಿಯಿಂದ. ಮೂಲ ಫೈಲುಗಳನ್ನು ಓದಲು ಮಾತ್ರ ಎಂದು ಗುರುತಿಸಿಡಿ.

ಏಕಮಾನವನ್ನೂ ನೋಡಿ. ತುಂಗಭದ್ರೆಯ ಪೂರ್ಣ ಮಟ್ಟ 1633 ಅಡಿ, ಮೀಟರಿನಲ್ಲಿ ಅದು ಸುಮಾರು 497.7. ಒಂದೇ ಕಂಬಸಾಲಿನಲ್ಲಿ ಎರಡೂ ಬಗೆ ಬಂದರೆ ಮಾದರಿಗೆ ಜಲಾಶಯ ಒಂದೇ ರಾತ್ರಿಯಲ್ಲಿ ಬತ್ತಿದಂತೆ. ಕನಿಷ್ಠ, ಗರಿಷ್ಠ ಎರಡು ಅಂಕಿ ಮುದ್ರಿಸಿ ನೋಡಿದರೆ ಸಿಕ್ಕಿಬೀಳುತ್ತದೆ.

"ನನ್ನಲ್ಲಿ ಬರ್ತದೆ, ಗೈಡ್ ಕಂಪ್ಯೂಟರಿನಲ್ಲಿ ಬರಲ್ಲ"

ಡೇಟಾದ ಹ್ಯಾಶ್ ಎರಡೂ ಕಡೆ ಒಂದೇ ಎಂದು ಖಾತ್ರಿಯಾದ ಮೇಲೆ ಇಲ್ಲಿಗೆ ಬನ್ನಿ.

ಫೈಲೇ ಸಿಗುತ್ತಿಲ್ಲ ಅಂದರೆ ವಿಳಾಸ ನೋಡಿ: ನಿಮ್ಮ ಡೆಸ್ಕ್‌ಟಾಪಿನ ಪೂರ್ತಿ ದಾರಿ ಕೋಡಿನಲ್ಲಿ ಬರೆದಿದ್ದೀರಿ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಲಿನಕ್ಸ್‌ಗೆ ಬೇರೆ. ಹ್ಯಾಶ್ ತಾಳೆ ನೋಡುವಾಗಲೇ ಅದು ಮಾತ್ರ ಬೇರೆ ಬಂದು, ಕಣ್ಣಿಗೆ ಎಲ್ಲ ಒಂದೇ ಕಂಡಿದ್ದರೆ ಕಾರಣ ಸಾಲು ಕೊನೆಯ ಗುರುತು: ವಿಂಡೋಸ್‌ನ ಗಿಟ್ ಅದನ್ನು ಬದಲಿಸಿರಬಹುದು.

ಫೈಲು ಸಿಗುತ್ತದೆ, ಅಂಕಿ ಬೇರೆ ಅಂದರೆ ಎರಡೂ ಕಡೆ ಪಿಪ್ ಫ್ರೀಜ್ ಮಾಡಿ, ಅಂದರೆ ಪ್ಯಾಕೇಜು ಮತ್ತು ಆವೃತ್ತಿಗಳ ಪಟ್ಟಿ ತೆಗೆದು, ಪಟ್ಟಿಗಳನ್ನು ಅಕ್ಕಪಕ್ಕ ಇಡಿ. ಆವೃತ್ತಿ ಬದಲಾದರೆ ಅಂಕಿ ಬದಲಾಗುವುದು ಊಹೆಯ ಮಾತಲ್ಲ. ಸೈಕಿಟ್‌ಲರ್ನ್‌ನ ರ‍್ಯಾಂಡಮ್ ಫಾರೆಸ್ಟ್ (ನಿರ್ಧಾರದ ಹಲವು ಮರಗಳನ್ನು ಕೂಡಿಸುವ ಲೆಕ್ಕ) ನೀವು ಹೇಳದಿದ್ದರೆ ಮೊದಲು 10 ಮರ ನೆಡುತ್ತಿತ್ತು, 0.22ನೇ ಆವೃತ್ತಿಯಿಂದ 100. ಆರ್ ಭಾಷೆ 2019ರ 3.6.0 ಆವೃತ್ತಿಯಲ್ಲಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಕೆಲವರನ್ನು ಆಯ್ದುಕೊಳ್ಳುವ (ಸ್ಯಾಂಪಲ್) ವಿಧಾನವನ್ನೇ ಬದಲಿಸಿತು. ರೈತರ ಪಟ್ಟಿಯಾದರೆ ಅದೇ ಸೀಡ್ ಕೊಟ್ಟರೂ ಬೇರೆ ರೈತರು ಆಯ್ಕೆಯಾಗುತ್ತಾರೆ. 2024ರ ಜೂನಿನಲ್ಲಿ ಪೈಥಾನಿನ ಲೆಕ್ಕದ ಲೈಬ್ರರಿ ನಂಪೈ 2.0 ಬಂದಾಗ ಹಳೆಯದಕ್ಕೆಂದು ಕಟ್ಟಿದ್ದ ಎಷ್ಟೋ ಪ್ಯಾಕೇಜುಗಳು ತೆರೆಯುವಾಗಲೇ ಬಿದ್ದವು. ನೀವು ಹೇಳದೆ ಬಿಟ್ಟ ಪ್ರತಿ ನಿಯತಾಂಕ ಬೇರೊಬ್ಬರ ಕೈಯಲ್ಲಿದೆ.

ಸುಲಭದ ಮದ್ದು ಆವೃತ್ತಿ ಸಂಖ್ಯೆಗಳನ್ನು ಬಿಗಿಯಾಗಿ ಬರೆದ ಪಟ್ಟಿ ಮತ್ತು ಹೊಸ ವರ್ಚುವಲ್ ಪರಿಸರ (ಈ ಕೆಲಸಕ್ಕೆಂದೇ ಪ್ಯಾಕೇಜುಗಳನ್ನಿಡುವ ಬೇರೆ ಜಾಗ). ಅದೂ ಸಾಲದಿದ್ದರೆ ಡಾಕರ್. ಡಾಕರ್ ಬಳಸಿಯೂ ಅಂಕಿ ಬದಲಾದರೆ "ಲೇಟೆಸ್ಟ್" ಎಂಬ ಹೆಸರಿನ ಚಿತ್ರ (ಇಮೇಜ್, ಅಂದರೆ ಡಾಕರ್ ಕಟ್ಟಿದ ಗಂಟು) ಎಳೆದಿದ್ದೀರಾ ನೋಡಿ. ಇಂದಿನ ಲೇಟೆಸ್ಟ್ ನಾಳೆ ಬೇರೆ. ಶಾ-256 ಡೈಜೆಸ್ಟ್, ಅಂದರೆ ಆ ಚಿತ್ರದ ಹ್ಯಾಶ್, ಕೊಟ್ಟು ಎಳೆಯಿರಿ. ನಮ್ಮ ಕಡೆಯ ಇಂಟರ್ನೆಟ್ಟಿನಲ್ಲಿ ಹಲವು ಜಿಬಿ ಎಳೆಯುವುದು ಅರ್ಧ ದಿನದ ಕೆಲಸ, ಆದ್ದರಿಂದ ಚಿತ್ರವನ್ನು ಫೈಲಾಗಿ ಉಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

"ಪ್ರತಿ ಸಲ ಬೇರೆ ಅಂಕಿ"

ಸೀಡ್ ಹಾಕಿದ್ದೀರಿ ಅಂತೀರಿ. ಎಷ್ಟು ಕಡೆ? ಪೈಥಾನಿನದು ಒಂದು, ನಂಪೈಯದು ಒಂದು, ನರಜಾಲಗಳ ಲೈಬ್ರರಿ ಪೈಟಾರ್ಚ್‌ನದು ಇನ್ನೊಂದು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಕೇಳಿಸದು. ಮೂರಕ್ಕೂ ಹಾಕಿಯೂ ಅಲುಗಾಡಿದರೆ ಫೈಲುಗಳ ಕ್ರಮ ನೋಡಿ: ಫೋಲ್ಡರಿನ ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆಂಬ ಖಾತ್ರಿ ಇಲ್ಲ, ಆದ್ದರಿಂದ ವಿಂಗಡಿಸಿಯೇ ಬಳಸಿ. ಹತ್ತಿ ಎಲೆಯ ಫೋಟೋಗಳ ವಿಷಯದಲ್ಲಿ ಎರಡು ಸಲ ಇದೇ ಸಿಕ್ಕಿದೆ. ಪೈಥಾನಿನ ಸೆಟ್ಟುಗಳೂ ಹಾಗೇ. ಪಠ್ಯದ ತುಣುಕುಗಳ (ಸ್ಟ್ರಿಂಗ್) ಒಳ ಹ್ಯಾಶನ್ನು 3.3ನೇ ಆವೃತ್ತಿಯಿಂದ ಪ್ರತಿ ಓಟಕ್ಕೂ ಕಲಸುತ್ತಾರೆ. ಪೈಥಾನ್‌ಹ್ಯಾಶ್‌ಸೀಡ್ ಎಂಬ ಪರಿಸರ ಚರವನ್ನು ಓಡಿಸುವ ಮೊದಲೇ ಹಾಕಬೇಕು, ಪ್ರೋಗ್ರಾಮಿನ ಒಳಗೆ ಹಾಕಿದರೆ ತಡವಾಯಿತು.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೂಡುವ ಕ್ರಮವೇ ಓಟದಿಂದ ಓಟಕ್ಕೆ ಬದಲಾಗುತ್ತದೆ, ದಶಮಾಂಶ ಸಂಖ್ಯೆಗಳಲ್ಲಿ ಕ್ರಮ ಬದಲಾದರೆ ಮೊತ್ತದ ಬಾಲ ಬದಲಾಗುತ್ತದೆ. ಪೈಟಾರ್ಚ್‌ನಲ್ಲಿ ನಿರ್ಧಾರಿತ ಅಲ್ಗಾರಿದಮ್‌ಗಳನ್ನೇ ಬಳಸು ಎಂಬ ಆಯ್ಕೆ ಇದೆ, ವೇಗ ಇಳಿಯುತ್ತದೆ. ಇಷ್ಟಾದರೂ ಬೇರೆ ಆವೃತ್ತಿ, ಬೇರೆ ಕಾರ್ಡಿನಲ್ಲಿ ಅದೇ ಅಂಕಿ ಬರುವ ಖಾತ್ರಿ ಇಲ್ಲ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ.

ಸೀಡ್ ಬಿಗಿದ ಮೇಲೆ ಒಂದು ಕೆಲಸ ಮಾಡಿ: ಬೇಕೆಂದೇ ಅದನ್ನು ಹತ್ತು ಸಲ ಬದಲಿಸಿ ಓಡಿಸಿ. ಆ ಹುಡುಗಿಗೂ ಮಾಡಿಸಿದೆ. 0.87 ಮರಳಿದ ಖುಷಿಯಲ್ಲಿದ್ದವಳಿಗೆ 0.79ರಿಂದ 0.88ರವರೆಗೆ ಬಂತು. ಕಾರಣ ಹುಡುಕಿದರೆ ಅಂಕಿ ಏರಿಳಿಯುತ್ತಿದ್ದುದು ಕೆಲವೇ ದಿನಗಳಿಂದ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದರ ಮುಂದಿನ ದಿನಗಳು. ಒತ್ತಡ ಇಳಿಸಲು ನೀರು ಹೊರಬಿಟ್ಟರು. ಮಳೆಗೂ ಮಟ್ಟಕ್ಕೂ ಆಗ ಸಂಬಂಧವಿಲ್ಲ. ದಿನಗಳಲ್ಲಿ ಕೆಲವು ಮಾದರಿಯ ಕಲಿಕೆಗೆ, ಉಳಿದವು ಅದರ ಪರೀಕ್ಷೆಗೆ; ಯಾವುದು ಎಲ್ಲಿಗೆ ಎಂಬುದನ್ನು ಸೀಡ್ ನಿರ್ಧರಿಸುತ್ತಿತ್ತು. ಆ ದಿನಗಳು ಕಲಿಕೆಯ ಪಾಲಿಗೆ ಬಿದ್ದರೆ ಅಂಕ ಏರುತ್ತದೆ, ಪರೀಕ್ಷೆಯ ಪಾಲಿಗೆ ಬಿದ್ದರೆ ಇಳಿಯುತ್ತದೆ. ದಿನಗಳನ್ನು ಚೀಟಿ ಎತ್ತಿದಂತೆ ಹಂಚುವುದೇ ತಪ್ಪು. ಇಂದಿನ ಮಟ್ಟ ನಿನ್ನೆಯದನ್ನು ನೋಡಿಕೊಂಡೇ ಇರುತ್ತದೆ. ವರ್ಷಗಳ ಲೆಕ್ಕದಲ್ಲಿ ಹಂಚಲು ಹೇಳಿದೆ. 0.87 ಮತ್ತೆ ಬರಲಿಲ್ಲ. "ಮತ್ತ ಗೈಡಿಗೆ ಏನ್ ಹೇಳ್ಲಿ ಸರ್ರ?" ಅಂದಳು. ಹತ್ತು ಸೀಡಿನ ಅಂಕಿ, ಗೇಟಿನ ದಿನಗಳ ಕಥೆ, ಎರಡನ್ನೂ ಒಯ್ದು ತೋರಿಸಲು ಹೇಳಿದೆ.

"ರಾತ್ರಿ ಒಂದು ಉತ್ತರ, ಮಧ್ಯಾಹ್ನ ಇನ್ನೊಂದು"

ಏಪ್ರಿಲ್, ಮೇ ತಿಂಗಳ ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಸುದ್ದಿಯಲ್ಲ. ಪ್ರೊಸೆಸರ್ 95–100 ಡಿಗ್ರಿ ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬಿಸಿಲಿಗೆ ಎರಡು ಮತ್ತು ಎರಡು ಐದಾಗುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಆದರೆ "10 ನಿಮಿಷದಲ್ಲಿ ಸಿಕ್ಕ ಒಳ್ಳೆಯ ಉತ್ತರ ಕೊಡು" ಎಂದು ಹೇಳಿದ್ದರೆ? ಎಡದಂಡೆ ಕಾಲುವೆಯ ನೀರು ಹಂಚಿಕೆ ಲೆಕ್ಕ ಹಾಕುವವರೊಬ್ಬರಿಗೆ ಹೀಗೇ ಆಗಿತ್ತು: ತಂಪು ರಾತ್ರಿಯ 10 ನಿಮಿಷದಲ್ಲಿ ಹೆಚ್ಚು ಹುಡುಕಾಟ, ಸುಡು ಮಧ್ಯಾಹ್ನದ 10 ನಿಮಿಷದಲ್ಲಿ ಕಡಿಮೆ. ಗಡಿಯಾರದ ಮಿತಿ ತೆಗೆದು ಸುತ್ತುಗಳ ಮಿತಿ ಹಾಕಿ. ಇಂಥ ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ಗಳಾದ ಗುರೋಬಿ, ಸಿಪ್ಲೆಕ್ಸ್‌ಗಳಲ್ಲಿ ಮಾಡಿದ ಕೆಲಸ ಅಳೆದು ನಿಲ್ಲಿಸುವ ಆಯ್ಕೆ ಇದೆ.

ಯಾವ ಮಿತಿಯೂ ಇಲ್ಲದೆ ಹೀಗಾದರೆ ಒಂದು ದೊಡ್ಡ ಫೈಲಿನ ಹ್ಯಾಶ್ ಮೂರು ಸಲ ತೆಗೆಯಿರಿ. ಅದೇ ಫೈಲಿಗೆ ಬೇರೆ ಬೇರೆ ಹ್ಯಾಶ್ ಬಂದರೆ ಸಾಫ್ಟ್‌ವೇರ್ ನಿರ್ದೋಷಿ. ಮೆಮೊರಿ, ಡಿಸ್ಕು ಅಥವಾ ಕೇಬಲ್ ಕೆಟ್ಟಿದೆ. ಮೆಮ್‌ಟೆಸ್ಟ್86+ ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ. ಒಂದು ದೋಷ ತೋರಿಸಿದರೂ ಆ ಯಂತ್ರದ ಫಲಿತಾಂಶ ನಂಬಬೇಡಿ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಡಿಸ್ಕು ಟಿಕ್ ಟಿಕ್ ಸದ್ದು ಮಾಡಿದರೆ ತಕ್ಷಣ ಆರಿಸಿ. ಸರಿಪಡಿಸುವ ಸಾಫ್ಟ್‌ವೇರ್ ಓಡಿಸುವುದೂ ಅದಕ್ಕೆ ಪೆಟ್ಟೇ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಬ್ಯಾಟರಿ ಊದಿದೆ: ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಅಂಗಡಿಗೆ ಒಯ್ಯಿರಿ. ಯುಪಿಎಸ್ ಡಬ್ಬಿಯನ್ನು ನೀವು ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಇರುತ್ತದೆ. ಆಸಿಡ್ ಬ್ಯಾಟರಿಯ ಇನ್ವರ್ಟರನ್ನು ಕಿಟಕಿಯಿಲ್ಲದ ಕೋಣೆಯಲ್ಲಿಡುವುದೂ ಬೇಡ, ಚಾರ್ಜ್ ಆಗುವಾಗ ಹೊರಡುವ ಅನಿಲ ಹತ್ತಿಕೊಳ್ಳುವಂಥದ್ದು.

ಮೂರು ಆದೇಶಗಳನ್ನು ಯಾರಾದರೂ ಫೋನಿನಲ್ಲಿ ಹೇಳಿಕೊಟ್ಟರೂ ಒಬ್ಬರೇ ಕೂತು ಒತ್ತಬೇಡಿ. ಡಿವಿಸಿಯ ಜಿಸಿ: ಈಗ ಬಳಕೆಯಲ್ಲಿಲ್ಲದ ಹಳೆ ಡೇಟಾ ಆವೃತ್ತಿಗಳನ್ನು ಕ್ಯಾಶೆಯಿಂದ ಒರೆಸುತ್ತದೆ. ಗಿಟ್ ಕ್ಲೀನ್, ಅದರಲ್ಲೂ ಕಡೆಗಣಿಸಿದ ಫೈಲುಗಳನ್ನೂ ಸೇರಿಸುವ ಎಕ್ಸ್ ಆಯ್ಕೆಯೊಂದಿಗೆ: ಡೇಟಾ ಫೋಲ್ಡರು ಕಡೆಗಣಿಸಿದ ಪಟ್ಟಿಯಲ್ಲೇ ಇರುವುದರಿಂದ ಅದೂ ಹೋಗಬಹುದು, ಕಸದ ಬುಟ್ಟಿಯಲ್ಲೂ ಸಿಗದು. ಡಾಕರ್ ಪ್ರೂನ್, ವಾಲ್ಯೂಮ್ (ಡಾಕರ್ ಡೇಟಾ ಇಡುವ ಜಾಗ) ಆಯ್ಕೆಯೊಂದಿಗೆ: ಸೇಕ್ರೆಡ್ ದಾಖಲೆ ಇಟ್ಟ ಮೊಂಗೋಡಿಬಿ ಡೇಟಾಬೇಸ್ ಅಲ್ಲಿದ್ದು, ಅದರ ಕಂಟೇನರ್ (ಬಿಚ್ಚಿ ಓಡಿಸಿದ ಗಂಟು) ಆಗ ಇಲ್ಲದಿದ್ದರೆ ದಾಖಲೆ ಪೂರ್ತಿ ಖಾಲಿಯಾಗಬಹುದು.

ಪ್ರಕಟವಾದ ಇಲ್ಲವೇ ಸಲ್ಲಿಸಿದ ಪ್ರಬಂಧದ ಅಂಕಿ ಮರಳುತ್ತಿಲ್ಲ ಎಂದಾದರೆ ಅದು ರಿಪೇರಿಯ ಮಾತಲ್ಲ. ಸೀಡ್ ಬದಲಿಸಿ ಹಳೆ ಅಂಕಿ ಹೊಂದಿಸಲು ಹೋಗಬೇಡಿ, ಮಾರ್ಗದರ್ಶಕರಿಗೆ ಮತ್ತು ಜೊತೆ ಲೇಖಕರಿಗೆ ಆ ದಿನವೇ ತಿಳಿಸಿ.

ಸಹಾಯ ಕೇಳಲು ಬರುವಾಗ ತನ್ನಿ: ಹಳೆ ಅಂಕಿ, ಹೊಸ ಅಂಕಿ, ಮೂರು ಓಟದ ಕಾಗದ, ಪಿಪ್ ಫ್ರೀಜ್ ಪಟ್ಟಿ, ಕಮಿಟ್ ಸಂಖ್ಯೆ, ಇನ್‌ಪುಟ್ ಫೈಲಿನ ಹ್ಯಾಶ್, ದೋಷ ಸಂದೇಶದ ಪೂರ್ತಿ ಅಕ್ಷರಗಳು. ಮೊಬೈಲಿನಲ್ಲಿ ಪರದೆಯ ಓರೆ ಫೋಟೋ ತೆಗೆದು ಕಳಿಸಬೇಡಿ, ಕೊನೆಯ ಸಾಲು ಯಾವಾಗಲೂ ಫೋಟೋದ ಹೊರಗೇ ಇರುತ್ತದೆ.